ದರ್ಜಿ ಹೊಲಿದ ಕೊನೆಯ ಅಂಗಿ

ಎದುರಿಗೇ ರೆಡಿಮೇಡ್ ಬಟ್ಟೆ ಅಂಗಡಿ ಬಂದು ಕೂತ ಮೇಲೆ ದರ್ಜಿಗೆ ಹೊಟ್ಟೆಗೆ ತಣ್ಣೀರುಬಟ್ಟೆಯೇ ಗತಿಯಾಯಿತು. ಹೊಲಿಗೆ ಯಂತ್ರಕ್ಕೆ ಗೋಣಿ ಹೊದಿಸಿ, ಐದು ಕುರಿ ಹೊಡೆದುಕೊಂಡು ಮನೆಗೆ ಬಂದ. ಅವನ ವಂಶದಲ್ಲಿ ಕುರಿಯ ಬಾಲ ಹಿಡಿದವರೇ ಇರಲಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡಳು. "ಇವುಕ್ಕೂ ಕಾಲರ್ ಅಳತೆ ತಗೋತೀರಾ ಹೇಗೆ?" ಆದರೆ ಬೆಳಗಾದರೆ ಪೊರಕೆ ಹಿಡಿದು ಹಟ್ಟಿ ಗುಡಿಸುತ್ತಿದ್ದವಳು ಅವಳೇ.

ಮೊದಲ ಸೂಲಿನಲ್ಲೇ ಎಡವಟ್ಟಾಯಿತು. ಬಿಳಿ ಕುರಿ ಈದು, ಮರಿಯ ಮುಖ ನೋಡುವ ಮೊದಲೇ ಕಣ್ಣು ಮುಚ್ಚಿತು. ಅದೇ ಬೆಳಿಗ್ಗೆ ಕರಿ ಕುರಿ ಈದ ಮರಿಗೆ ಉಸಿರೇ ಇರಲಿಲ್ಲ. ಮರಿಯಿಲ್ಲದವಳ ಹತ್ತಿರ ತಬ್ಬಲಿಯನ್ನು ಬಿಟ್ಟರಾಯಿತು ಅಂದುಕೊಂಡ ದರ್ಜಿ, ಅದನ್ನು ಸೋಪು ಹಚ್ಚಿ ತೊಳೆದು, ಒರೆಸಿ, ಕರಿ ಕುರಿಯ ಮುಂದೆ ನಿಲ್ಲಿಸಿದ. ಅದು ಮೂಸಿ ನೋಡಿ ತಲೆಯಿಂದ ಗುದ್ದಿತು. ಮತ್ತೆ ಬಿಟ್ಟ, ಮತ್ತೆ ಗುದ್ದಿತು. ಬಾಟಲಿಯಲ್ಲಿ ಕೊಟ್ಟ ಹಾಲು ಕಟವಾಯಿಯಿಂದ ಇಳಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಮರಿಯ ಕತ್ತು ಸೋತು ಜೋತುಬಿತ್ತು.

ಜೀವಮಾನವಿಡೀ ಕುರಿ ಕಾಯ್ದ ಪಕ್ಕದ ಮನೆ ಅಜ್ಜಿಯನ್ನು ಹೆಂಡತಿ ಕರೆತಂದಳು. ಅಜ್ಜಿ ಮರಿಯನ್ನು ಮೂಸಿ ನಕ್ಕಳು.

"ಏನೋ ಮಗ, ಮರೀನ ಮದುವೆಗೆ ಹೊರಡಿಸಿದ್ಯಾ? ಕುರಿ ಮಗೂನ ಗುರುತು ಹಿಡಿಯೋದೇ ಮೂಗಿಂದ." ಆಮೇಲೆ ನಗು ನುಂಗಿಕೊಂಡಳು. "ಸತ್ತ ಮರಿ ಚರ್ಮ ಬಿಡಿಸಿ ಇದಕ್ಕೆ ತೊಡಿಸು. ತನ್ನದೇ ಅಂದ್ಕೊಳ್ತಾಳೆ."

ದರ್ಜಿ ಹಿಂದೆ ಸರಿದ. ಒಬ್ಬರ ಮೈಯಿಂದ ಕಿತ್ತು ಇನ್ನೊಬ್ಬರಿಗೆ ಹೊಲಿದವನಲ್ಲ ಅವನು. ಚರ್ಮವನ್ನು ಅಜ್ಜಿಯೇ ಬಿಡಿಸಿಕೊಟ್ಟಳು. ಕತ್ತರಿ ಮಾತ್ರ ಅವನದು. ಟೇಪು ಬೇಕಾಗಲಿಲ್ಲ, ಕಾಲುಗಳಿಗೆ ತೂತು, ಕತ್ತಿಗೊಂದು, ಹೊಟ್ಟೆಯಡಿ ಸಡಿಲವಾಗಿ ಹೊಲಿಗೆ. ಹೆಂಡತಿ ಮರಿಯನ್ನು ಅಲುಗದಂತೆ ಹಿಡಿದುಕೊಂಡಳು.

ಕರಿ ಕುರಿ ಮೂಸಿತು. ಬಾಲದ ಬುಡವನ್ನು ಇನ್ನೊಮ್ಮೆ ಮೂಸಿತು. ಗಂಟಲೊಳಗೇ ಗುರುಗುಟ್ಟುತ್ತ ನೆಕ್ಕತೊಡಗಿತು. ಮರಿ ತಡವರಿಸಿ ಕೆಚ್ಚಲಿಗೆ ಬಾಯಿ ಹಾಕಿತು. ಬದುಕಿತು ಬಿಡು ಎಂದು ಅಜ್ಜಿ ಸೆರಗು ಕೊಡವಿಕೊಂಡು ಎದ್ದಳು. ದರ್ಜಿ ಗೋಡೆಗೆ ಮುಖ ಮಾಡಿ ನಿಂತಿದ್ದ.

ಚರ್ಮ ನಾರತೊಡಗಿದ ಮೇಲೆ ಹೊಲಿಗೆ ಬಿಚ್ಚಿ, ಅದನ್ನು ಹಿತ್ತಿಲಲ್ಲಿ ಹೂತ. ಅಷ್ಟರಲ್ಲಿ ಕರಿ ಕುರಿ ಈ ಮರಿಗೆ ಒಗ್ಗಿತ್ತು, ಗುದ್ದಲಿಲ್ಲ. ಆದರೆ ಹೊರಗೆ ಬಿಟ್ಟಾಗಲೆಲ್ಲ ಹೂತ ಜಾಗಕ್ಕೇ ಹೋಗಿ ಮಣ್ಣು ಮೂಸಿ ಕೂಗುತ್ತಿತ್ತು. ಮರಿ ಕೆಚ್ಚಲಿಗೆ ಬಾಯಿ ಹಾಕಿಕೊಂಡೇ ಇರುತ್ತಿತ್ತು.

"ಅಂಗಿ ಸರಿಯಾಗಿ ಕೂತಿತ್ತು ಕಣೇ," ಎಂದ ದರ್ಜಿ. "ಅದಕ್ಕೇ ಪಾಪ, ತನ್ನ ಮರಿ ಸತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ."

ವರ್ಷ ಕಳೆದಂತೆ ಅವನ ಹಟ್ಟಿ ತುಂಬಿತು. ಹಳೆಯ ಗಿರಾಕಿ ಯಾರಾದರೂ ಬಟ್ಟೆ ಹಿಡಿದು ಬಂದರೆ ಮಾತ್ರ, ಕಣ್ಣು ಮಂಜಾಗಿದೆ ಎಂದು ಸುಳ್ಳು ಹೇಳಿ ಬಾಗಿಲಿಂದಲೇ ಕಳಿಸಿಬಿಡುತ್ತಿದ್ದ.