ಖಾಲಾ ಕವುಚಿದ ಅನ್ನ

ತೊಂಬತ್ತರ ದಶಕದಲ್ಲಿ ನಾವು ಕೊಲ್ಲಿ ನಾಡಿನಲ್ಲಿ, ಗುಫೂಲ್‌ನ ಒಂದು ಫ್ಲ್ಯಾಟಿನಲ್ಲಿದ್ದೆವು. ಮೇಲಿನ ಮನೆಯ ಇರಾನಿ ಹೆಂಗಸನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ ಅವರ ವಿಸಿಆರ್‌ನಲ್ಲಿ ಇರಾನಿ ಸಿನಿಮಾ ನೋಡುವುದು ನನ್ನ ಚಟ. ನನಗೆ ಮಾತು ಒಂದೂ ತಿಳಿಯುತ್ತಿರಲಿಲ್ಲ. ಖಾಲಾ ಹರಕು ಹಿಂದಿಯಲ್ಲಿ ಅರ್ಥ ಹೇಳುತ್ತಾ, ತಮಾಷೆ ಬರುವ ಮೊದಲೇ ತಾವು ನಕ್ಕುಬಿಡುತ್ತಿದ್ದರು. ಆ ದಿನದ್ದು ವಠಾರದ ಕಥೆ: ಬಾಗಿಲಲ್ಲಿ ನೆಂಟರು, ಅಡುಗೆಮನೆ ಖಾಲಿ.

ನಾನು ಅರ್ಧಕ್ಕೇ ಎದ್ದು ಬಂದೆ. ನಮ್ಮ ಜೊತೆಗಿದ್ದ ನಾದಿನಿಯನ್ನು ನೋಡಲು ಅಲ್ಲೇ ಹತ್ತಿರದ ಮಾಹೂಝ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿ ಅವಳು ಮಂಕಾಗಿದ್ದಳು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಉಣ್ಣುವುದಿಲ್ಲ. ಉಂಡರೆ ಒಪ್ಪಿದ ಹಾಗೆ. ಮೊದಲೇ ಅಡುಗೆ ಮಾಡಿಟ್ಟರೆ ನಮಗೇ ಆತುರ ಎಂದಾಗುತ್ತದೆ. ಹಾಗಾಗಿ ಶೀರಾ, ಅವಲಕ್ಕಿ, ಚಹಾ ಮಾತ್ರ ಮಾಡಿದ್ದೆ.

ಗಂಡಿನ ತಾಯಿ ನಾದಿನಿಯ ಹತ್ತಿರ ಸ್ವಲ್ಪ ಹೊತ್ತು ಮಾತಾಡಿ, "ಇನ್ನು ಎಂತ ನೋಡ್ಲಿಕ್ಕುಂಟು? ಊಟ ಮಾಡಿಯೇ ಹೋಗುವ" ಎಂದರು.

ನಾದಿನಿಯ ಮುಖ ಅರಳಿತು. ನಾನು ಕಿಟಕಿಯಿಂದ ಬೀದಿಯತ್ತ ನೋಡಿದೆ. ಶುಕ್ರವಾರದ ನಮಾಜಿನ ಹೊತ್ತು, ಹೋಟೆಲು ಅಂಗಡಿಗಳೆಲ್ಲ ಶಟರು ಎಳೆದಿದ್ದವು.

ನಮ್ಮ ಯಜಮಾನರು ಅಡುಗೆಮನೆಗೆ ಬಂದು ಪಿಸುಗುಟ್ಟಿದರು: "ಎಂತ ಉಂಟು?"

"ಅಕ್ಕಿ ಉಂಟು. ಡಬ್ಬ ತಕ್ಕೊಂಡು ಹೋಗಿ ತೋರಿಸಿ" ಎಂದು ರೇಗಿದೆ.

ಬೇಳೆ, ಮೊಸರು ಏನಾದರೂ ಸಿಕ್ಕೀತೆಂದು ಮೇಲಕ್ಕೆ ಓಡಿದೆ. ವಿಷಯ ಕೇಳಿ ಖಾಲಾ, "ನೋಡು, ಸಿನಿಮಾ ನಿನ್ನ ಮನೆಗೇ ಬಂತು" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನೇ ಎತ್ತಿಕೊಂಡು, ಹುರಿದ ಮೀನಿನ ತಟ್ಟೆಯನ್ನು ನನ್ನ ಕೈಗಿಟ್ಟರು.

ನಮ್ಮ ಅಡುಗೆಮನೆಯಲ್ಲಿ ಮುಚ್ಚಳ ತೆಗೆದರೆ ಸೀದ ವಾಸನೆ. "ಖಾಲಾ, ತಳ ಹಿಡಿದಿದೆ. ಮೇಲಿನದ್ದು ಮಾತ್ರ ಬಡಿಸುವ" ಎಂದೆ. ಅವರು ನನ್ನನ್ನು ಮೊಣಕೈಯಿಂದ ಸರಿಸಿ, ಪಾತ್ರೆಯನ್ನು ಹರಿವಾಣದ ಮೇಲೆ ಕವುಚಿ, ತಳಕ್ಕೆ ತಟ್ಟಿ ಎತ್ತಿದರು. ಒಂದು ಅಗುಳೂ ಚೆದುರದೆ ಅನ್ನ ನಿಂತಿತು. ಮೇಲೆ ಹೊಂಬಣ್ಣದ ಗರಿಗರಿ ಪದರ. ನಾವು ಕೆರೆದು ಬಿಸಾಡುವುದನ್ನು ಅವರ ಕಡೆ ಜೋಪಾನವಾಗಿ ಮಾಡಿ ದೊಡ್ಡ ನೆಂಟರಿಗೆ ಬಡಿಸುತ್ತಿದ್ದರು.

ಗಂಡಿನ ತಾಯಿ ಆ ಪದರವನ್ನು ಕರುಂ ಕುರುಂ ಎಂದು ಅಗಿಯುತ್ತಾ, "ಇದು ಹುಡುಗಿ ಮಾಡಿದ್ದಾ?" ಎಂದು ಕೇಳಿದರು.

ನಾನು ಹೌದು ಎನ್ನುವಷ್ಟರಲ್ಲಿ ನಾದಿನಿ, "ಅಲ್ಲ, ಮೇಲಿನ ಖಾಲಾ" ಅಂದುಬಿಟ್ಟಳು.

"ಹಾಗಾದ್ರೆ ಕಲ್ತುಕೊಂಡೇ ಬಾ ನಮ್ಮನೆಗೆ" ಎಂದು ಅವರು ಇನ್ನೊಂದು ಚೂರು ಮುರಿದುಕೊಂಡರು.

ಸಂಬಂಧ ಕುದುರಿದ ಸುದ್ದಿ ಹೇಳಲು ಮೇಲೆ ಹೋದೆ. ಖಾಲಾ ಮತ್ತು ಅವರ ಗಂಡ ನೆಲದ ಮೇಲೆ ಕೂತು ಖುಬ್ಸ್ ರೊಟ್ಟಿ, ಹಸಿ ಈರುಳ್ಳಿ ತಿನ್ನುತ್ತಿದ್ದರು. ನಮಗೆ ಕೊಟ್ಟದ್ದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಅಡುಗೆಯೇ ಇರಲಿಲ್ಲ. ಖಾಲಾನ ಗಂಡ ಸರಿದು ನನಗೆ ಜಾಗ ಮಾಡಿ, ತಮ್ಮ ರೊಟ್ಟಿಯಲ್ಲಿ ಅರ್ಧ ಹರಿದು ಚಾಚಿದರು. ನಾನು ಕಂಠಮಟ್ಟ ಉಂಡು ಬಂದಿದ್ದೆ. ಆದರೂ ಕೂತು ತಿಂದೆ.