ಸಂಡಿಗೆ ಜೊತೆ ಒಣಗಿದ ಸಿಗಾರು

ಗೆಳೆಯರೇ, ಇವತ್ತು ಬೆಳಿಗ್ಗೆ ಚಿಂತಾಮಣಿಯ ನಮ್ಮ ತಾರಸಿಗೆ ಹೋದರೆ, ನಿನ್ನೆಯಿಂದ ಒಣಗುತ್ತಿದ್ದ ಸಂಡಿಗೆಯ ನಡುವೆ ಅಪ್ಪನ ಸಿಗಾರುಗಳೂ ಮಲಗಿದ್ದವು. ಡಾಕ್ಟರು ಬೇಡವೆಂದ ಮೇಲೆ ಅಪ್ಪ ಅವನ್ನು ಸೇದುವುದಿಲ್ಲ, ಡಬ್ಬಿ ತೆರೆದು ಮೂಸುತ್ತಾರೆ ಅಷ್ಟೇ.

“ಬೂಷ್ಟು ಹಿಡಿದಿತ್ತು, ಬಿಸಿಲಿಗೆ ಹಾಕ್ದೆ” ಎಂದರು ಅಮ್ಮ.

ಅಪ್ಪ ಒಂದನ್ನು ಬೆರಳಲ್ಲಿ ಒರೆಸಿ ತೋರಿಸಿದರು. “ಬೂಷ್ಟಾದ್ರೆ ಹಸಿರಾಗಿ ಕಲೆ ಉಳಿಯುತ್ತೆ ಕಣೇ. ಇದು ಎಲೆಯೊಳಗಿನ ಎಣ್ಣೆ ಹೊರಗೆ ಬಂದು ಕೂತಿರೋ ಬಿಳಿಪುಡಿ. ಒಳ್ಳೇ ಸಿಗಾರಿಗೇ ಬರೋದು.”

“ಇಷ್ಟು ವರ್ಷ ಉಪ್ಪಿನಕಾಯಿ ಹಾಕಿರೋಳಿಗೆ ಬೂಷ್ಟು ಗೊತ್ತಾಗಲ್ವಾ?”

ಅಷ್ಟರಲ್ಲಿ ಸಿಗಾರು ಬಿರುಕು ಬಿಟ್ಟಿದ್ದವು. ಅಪ್ಪ ಅವನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿಕೊಂಡರು.

ಸಂಜೆ ಅಮ್ಮ ಸಂಡಿಗೆ ಕರಿದರು. ಅದಕ್ಕೆ ಹತ್ತಿದ್ದ ಹೊಗೆಸೊಪ್ಪಿನ ವಾಸನೆಗೆ ನಾನು ತಟ್ಟೆ ಸರಿಸಿದೆ. ಅಪ್ಪ ಒಂದನ್ನು ಮೂಸಿ, ಕಣ್ಣು ಮುಚ್ಚಿ ತಿಂದರು.

“ಇನ್ನೊಂದೆರಡು ಹಾಕೇ.”

ಸಂಡಿಗೆಯ ಬಗ್ಗೆ ಡಾಕ್ಟರು ಏನೂ ಹೇಳಿಲ್ಲ.