ಕೂಸಿನ ಮೈಮೇಲಿನ ಬಿಳಿ ಜಿಡ್ಡು

ಆಶಾ ಕಾರ್ಯಕರ್ತೆಯಾದ ಹೊಸದರಲ್ಲಿ ಮರೋಳದ ಬಸುರಿಯೊಬ್ಬಳನ್ನು ಹೆರಿಗೆಗೆಂದು ಹುನಗುಂದದ ದವಾಖಾನೆಗೆ ಕರೆತಂದಿದ್ದೆ. ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಸಣ್ಣದು. ಮೈಯೆಲ್ಲ ಬೆಣ್ಣೆ ಬಳಿದಂತೆ ಬಿಳಿ ಜಿಡ್ಡು. ಅಂಗಾಲು ತಣ್ಣಗಾಗುತ್ತಿತ್ತು.

ಅದರ ಅಜ್ಜಿ ಬಿಸಿನೀರು, ಕಡಲೆಹಿಟ್ಟು ಹಿಡಿದು ಬಂದೇಬಿಟ್ಟಳು. "ಬ್ಯಾಡಂದ್ರೂ ಸೊಸಿ ಮೊಸರು ತಿಂದಾಳ, ನೋಡ್ರಿ, ಎಲ್ಲಾ ಕೂಸಿನ ಮೈಗೆ ಹತ್ತೇತಿ. ತಿಕ್ಕಿ ತೊಳೀತೇನಿ."

"ಮುಟ್ಟಬ್ಯಾಡ್ರಿ ಆಯಿ! ತೊಳೆದ್ರ ಕೂಸು ಇನ್ನಷ್ಟು ತಣ್ಣಗಾಗತೈತಿ." ನಾನು ಅಡ್ಡ ನಿಂತೆ.

"ನೀ ಎಷ್ಟು ಹಡದೀಯವಾ?"

"ಒಂದು. ಆದ್ರ ಮೊಸರು ಹೊಟ್ಟಿಗೆ ಹೋಗತೈತಿ, ಕೂಸಿನ ಬೆನ್ನಿಗಲ್ಲ ಅನ್ನೋದು ಗೊತ್ತೈತಿ."

ನರ್ಸಕ್ಕ ನಗುತ್ತ ಕೂಸನ್ನು ತಾಯಿಯ ಬರಿ ಎದೆಗೆ ಮಲಗಿಸಿ ಮೇಲೆ ಹೊದಿಸಿದರು. "ಇದು ಕೂಸಿನ ಚರ್ಮ ತಾನ ಮಾಡಿಕೊಂಡ ಕೊಬ್ಬು, ಆಯಿ. ಕೊಬ್ಬು, ನೀರು ಕೂಡಂಗಿಲ್ಲ. ಹಿಂಗಾಗಿ ತಾಯಿ ಹೊಟ್ಟಿಯೊಳಗಿನ ನೀರು ಚರ್ಮಕ್ಕ ಇಳಿಯಂಗಿಲ್ಲ. ಈಗ ಮೈ ಒಣಗದಂಗೂ ಕಾಯತೈತಿ."

ನಾನು ಕೂಸಿನ ಬೆರಳು ಮುಟ್ಟಿ ನೋಡಿದೆ. ಅರ್ಧ ತಾಸು ಬಟ್ಟೆ ಒಗೆದರೆ ನನ್ನ ಬೆರಳು ಸುಕ್ಕುಗಟ್ಟುತ್ತವೆ. ತಿಂಗಳುಗಟ್ಟಲೆ ನೀರಲ್ಲಿದ್ದು ಬಂದ ಆ ಬೆರಳು ಮುಟ್ಟಿದರೆ ಜಾರುವಷ್ಟು ನುಣುಪು. ಲೋಕವನ್ನೇ ಕಾಣದ ಜೀವ, ಕತ್ತಲಲ್ಲಿ ಕೂತು ತನಗೆ ಬೇಕಾದ ಮುಲಾಮು ತಾನೇ ಮಾಡಿಕೊಂಡಿತ್ತು. ನನ್ನ ಮಗಳು ಹುಟ್ಟಿದಾಗ ಅವಳ ಮೈಮೇಲಿನ ಜಿಡ್ಡನ್ನು ನಾನೇ ಹೇಳಿ ತಿಕ್ಕಿಸಿದ್ದೆ.

ಸ್ವಲ್ಪ ಹೊತ್ತಿಗೆ ಅಂಗಾಲು ಬೆಚ್ಚಗಾಯಿತು. ಮುಟ್ಟಿ ನೋಡಿದ ಅಜ್ಜಿಯ ಬೆರಳಿಗೆ ಚೂರು ಜಿಡ್ಡು ಹತ್ತಿತು. ಅತ್ತಿತ್ತ ನೋಡಿ, ಅದನ್ನು ತನ್ನ ಒಡೆದ ಹಿಮ್ಮಡಿಗೆ ಸವರಿಕೊಂಡಳು.

"ಏನ್ ನೋಡ್ತೀ? ತೊಳೀಬ್ಯಾಡ ಅಂದಾಕಿ ನೀನ ಅಲ್ಲೇನು?"